ಗೋಡೆ ಮೇಲಿನ ಕೆರೆ

ಏಪ್ರಿಲ್ 14 ಹತ್ತಿರ ಬಂತೆಂದರೆ ನಮ್ಮ ಹೂಟಗಳ್ಳಿಯಲ್ಲಿ ನೀಲಿ ಬಾವುಟ ಏರುತ್ತವೆ. ಈ ಸಲ ನಮ್ಮ ಬೀದಿ ಕೊನೆಯ ಗೋಡೆ ಮೇಲೆ ಒಬ್ಬ ಹುಡುಗ ಚಿತ್ರ ಬರೆಯುತ್ತಿದ್ದ. ಬೆರಳು ತೋರಿಸುತ್ತಾ ನಿಂತ ಅಂಬೇಡ್ಕರ್ ಅಲ್ಲ. ಕೆರೆಯ ಮೆಟ್ಟಿಲಲ್ಲಿ ಬಗ್ಗಿ ಬೊಗಸೆಯಲ್ಲಿ ನೀರೆತ್ತಿದ ಅಂಬೇಡ್ಕರ್. ಹಿಂದೆ ಸಾಲುಸಾಲು ಜನ.

"ಕೆರೆ ನೀರು ಇಷ್ಟೊಂದು ನೀಲಿ ಇರಲ್ಲಪ್ಪ" ಅಂದೆ.

"ಕೊಡಿಸಿರೋ ಡಬ್ಬ ಇದೇ ಆಂಟಿ" ಅಂತ ನಕ್ಕ.

ಜೊತೆಗಿದ್ದ ಮೊಮ್ಮಗನ ಪ್ರಶ್ನೆ ಬೇರೆ. "ಅಜ್ಜಿ, ನೀರು ಕುಡಿದಿದ್ದಕ್ಕೆಲ್ಲ ಚಿತ್ರ ಬರೀತಾರಾ?"

ಹೇಳಿದೆ. ಸಾರ್ವಜನಿಕ ಕೆರೆ, ಬಾವಿ ಅಸ್ಪೃಶ್ಯರಿಗೂ ಸೇರಿದ್ದು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಮರುವರ್ಷ ಸಾರಿತು. ಎಲ್ಲ ಕಾಗದದ ಮೇಲೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮೆರವಣಿಗೆಯಲ್ಲಿ ಹೋಗಿ ಆ ನೀರು ಕುಡಿದರು, ಹಿಂದೆ ಬಂದವರೂ ಕುಡಿದರು. ಅವತ್ತೇ ಅವರಿಗೆ ಏಟು ಬಿತ್ತು. ಆಮೇಲೆ ಊರಿನವರು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು! ಹೈಕೋರ್ಟಿನ ತೀರ್ಪು ಬಂದಿದ್ದು 1937ರಲ್ಲಿ.

ಅಮೆರಿಕದಲ್ಲೂ ಇಂಥದ್ದೇ. 1964ರಲ್ಲಿ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಊರಿನ ಹೋಟೆಲೊಂದರಲ್ಲಿ, ಬಿಳಿಯರಿಗೆ ಮಾತ್ರ ಅಂತಿದ್ದ ಈಜುಕೊಳಕ್ಕೆ ಕಪ್ಪು ಜನರೂ ಅವರ ಬಿಳಿ ಗೆಳೆಯರೂ ಒಟ್ಟಿಗೆ ಇಳಿದರೆ, ಹೋಟೆಲಿನವನು ನೀರಿಗೆ ಆಸಿಡ್ ಸುರಿದ. ಆ ಫೋಟೊ ಜಗತ್ತೆಲ್ಲ ಸುತ್ತಿತು.

ಮಗುವಿಗೆ ಹೇಳದೆ ಬಿಟ್ಟಿದ್ದು ನಮ್ಮೂರಿನದು. ಟಿ. ನರಸೀಪುರದ ಕಡೆ ನಮ್ಮ ಹಳ್ಳಿ. ಬಾವಿ ಕಟ್ಟೆ ಮೇಲೆ ನಾವು, ಕೆಳಗೆ ಖಾಲಿ ಕೊಡ ಇಟ್ಟು ದೂರ ಸರಿದು ನಿಂತವರು ಅವರು. ಸೇದಿ, ಮೇಲಿಂದಲೇ ಸುರಿಯಬೇಕು. "ತಾಗಿಸಬೇಡ ಕಣೇ" ಅಂತ ಅಮ್ಮ ಕೂಗೋರು. ತಲೆ ನರೆತ ಒಬ್ಬ ಅಜ್ಜಿ, ಹತ್ತು ವರ್ಷದ ನನಗೆ, "ವಸಿ ನೀರು ಹುಯ್ಯವ್ವಾ" ಅಂತಿದ್ದಳು. ನನಗೆ ಅದು ಆಟ. ಒಂದೊಂದು ದಿನ ಬೇಕೆಂದೇ ಅವಳನ್ನು ಕಾಯಿಸಿದ್ದೂ ಉಂಟು.

ಬಿಸಿಲೇರಿತ್ತು. "ಆಂಟಿ, ಒಂದು ಲೋಟ ನೀರು ಸಿಗುತ್ತಾ?" ಅಂದ ಹುಡುಗ. ಮನೆಗೆ ಹೋಗಿ ತಂದೆ. ಗೇಟು ದಾಟುವಾಗ ಕೈಯಲ್ಲಿದ್ದುದನ್ನು ನೋಡಿಕೊಂಡೆ. ಸಂಪಿನ ಪಕ್ಕದ ಗೂಡಿನಲ್ಲಿ ಇಟ್ಟಿರುತ್ತೀವಲ್ಲ, ಕೆಲಸದವಳಿಗೆ, ಗಾರೆಯವನಿಗೆ ಅಂತ ಅಂಚು ನೆಗ್ಗಿದ ಸ್ಟೀಲ್ ಲೋಟ, ಅದು. ಯೋಚನೆ ಮಾಡಿ ತಗೊಂಡಿದ್ದಲ್ಲ, ಕೈಗೆ ಅದೇ ಅಭ್ಯಾಸ. ಅಡುಗೆಮನೆಗೆ ವಾಪಸ್ ಹೋಗಿ, ನಾವು ಕುಡಿಯುವ ಲೋಟದಲ್ಲಿ ತುಂಬಿಸಿ ತಂದೆ. ಹುಡುಗ ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿದ.

"ಕಚ್ಚಿ ಕುಡಿಯಪ್ಪ, ಪರವಾಗಿಲ್ಲ" ಅಂದೆ. ಹೇಳಿದ ಮೇಲೆ ಆ 'ಪರವಾಗಿಲ್ಲ' ನನಗೇ ಚುಚ್ಚಿತು.

ಸಂಜೆ ಗೂಡು ಖಾಲಿ ಕಂಡು ನಮ್ಮತ್ತೆ "ಆ ಲೋಟ ಎಲ್ಲಮ್ಮಾ?" ಅಂದರು. "ತೊಳೆದು ಎಲ್ಲದರ ಜೊತೆ ಇಟ್ಟಿದ್ದೀನಿ ಅತ್ತೆ" ಅಂದೆ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಕಾಫಿ ಕೊಟ್ಟಾಗಲೆಲ್ಲ ಲೋಟದ ಅಂಚು ತಿರುಗಿಸಿ ನೋಡಿ ಕುಡಿಯುತ್ತಿದ್ದರು.