ವರ್ಗದ ಗದ್ದಲವೂ ಮಾತ್ರಾಗಣವೂ

ಗದ್ದಲದಲ್ಲಿಯೂ ಹಲವು ಬಗೆಗಳುಂಟೆಂಬುದು ಪಾಠ ಹೇಳುವವನಿಗೆ ತಿಳಿದಿರಬೇಕು. ಪ್ರಾರ್ಥನೆ ಮುಗಿದು ಒಳಬರುವಾಗಿನ ಕಲರವ ಬೇರೆ. ಮಧ್ಯಾಹ್ನದ ಪ್ರಸಾದವಾದ ಮೇಲೆ, ಛಾವಣಿ ಕಾದ ಹೊತ್ತಿನಲ್ಲಿ ಏಳುವ ಗುಜುಗುಜು ಬೇರೆ. ಒಬ್ಬನೇ ಬಾಲಕನು ಇಡೀ ವರ್ಗದ ಗಮನವನ್ನು ತನ್ನತ್ತ ಸೆಳೆದುಕೊಳ್ಳುವ ಸದ್ದು ಬೇರೆ. ಮೊದಲೆರಡಕ್ಕೆ ಮದ್ದು ಸುಲಭ. ಗುರುವು ತನ್ನ ಧ್ವನಿಯನ್ನು ತಗ್ಗಿಸಿ, ಮಗ್ಗಿಯನ್ನೋ ಕಾಗುಣಿತವನ್ನೋ ಒಕ್ಕೊರಲಿನಿಂದ ಹೇಳಿಸಿದರೆ ಸಾಕು. ಕಷ್ಟವಿರುವುದು ಮೂರನೆಯದರಲ್ಲಿ.

ಐಗಳ ಮಠಗಳ ಕಾಲದಲ್ಲಿ ಇದಕ್ಕೆ ಬೆತ್ತವಿತ್ತು, ಕೋದಂಡವಿತ್ತು. ಜಾತ್ರೆಗೆ ಬರುವ ಹಳೆಯ ವಿದ್ಯಾರ್ಥಿಗಳು, "ಬೆತ್ತವಿಲ್ಲದೆ ಹುಡುಗರು ಹೇಗೆ ಬಗ್ಗುತ್ತಾರೆ?" ಎಂದು ಕೇಳುವುದುಂಟು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಕಾಯಿದೆ ಹಾಗಿರಲಿ. ಪೆಟ್ಟು ತಿಂದ ಮಗು ಆ ಗಳಿಗೆಗೆ ಸುಮ್ಮನಾಗುತ್ತದೆ. ಬಡವರ ಮನೆಯದಾದರೆ ಮರುದಿನ ದನ ಕಾಯಲು ಹೋಗಿಬಿಡುತ್ತದೆ.

ನಾಲ್ಕನೆಯ ವರ್ಗದಲ್ಲಿ ಅಂಥ ಬಾಲಕನೊಬ್ಬನಿದ್ದನು. ಮಠದ ಉಚಿತ ಪ್ರಸಾದನಿಲಯದಲ್ಲಿ ಅವನ ವಾಸ. ಉಕ್ತಲೇಖನ ಹೇಳುತ್ತಿರುವಾಗಲೂ ಬೆಂಚನ್ನು ಬಡಿಯುತ್ತಲೇ ಇರುವನು. (ದಾನಿಗಳು ಮಾಡಿಸಿಕೊಟ್ಟ ಸಾಗವಾನಿ ಬೆಂಚುಗಳು ಎಷ್ಟು ಗಟ್ಟಿಯೆಂಬುದು ಅವನಿಂದಲೇ ಸಿದ್ಧವಾಯಿತು.) ಅವನನ್ನು ನೋಡಿ ಇನ್ನೂ ಹತ್ತು ಹುಡುಗರು ಬಡಿಯುವರು. ತಂದೆಯನ್ನು ಕರೆಸಿ ವರ್ಗಾವಣೆ ಪತ್ರ ಕೊಟ್ಟುಬಿಡೋಣವೆಂಬ ಮಾತು ಗುರುಗಳ ಸಭೆಯಲ್ಲಿ ಬಂದಿತು. ನಾನು ಒಪ್ಪಲಿಲ್ಲ. ತಂದೆಯೇ ಬೇಡಿ ಪಡೆದಂತೆ ಅರ್ಜಿ ಬರೆಯಿಸಿಕೊಂಡರೆ ಕಾಯಿದೆಯ ಕಣ್ಣಿಗೆ ಬೀಳದಿರಬಹುದು. ಆದರೆ ಪ್ರಸಾದಕ್ಕೆ ಕುಳಿತವನನ್ನು ಪಂಕ್ತಿಯಿಂದ ಎಬ್ಬಿಸುವ ಪದ್ಧತಿ ಈ ಮಠದಲ್ಲಿಲ್ಲವೆಂದೆನು. ಕೆಲವರಿಗೆ ಈ ಮಾತು ಹಿಡಿಸಲಿಲ್ಲ.

ತಂದೆ ಬಂದರು. ಜಾತ್ರೆಗಳಲ್ಲಿ ಕರಡಿಮಜಲು ಬಾರಿಸುವವರಂತೆ. "ಗುರುಗಳ, ಇಂವ ತೊಟ್ಟಿಲದಾಗ ಇದ್ದಾಗಿಂದ ಕರಡಿ ಸಪ್ಪಳಾ ಕೇಳಿಕೋತನ ಮಲಗಿದಾಂವ್ರಿ" ಎಂದರು.

ಮರುದಿನ ಭಾಮಿನೀ ಷಟ್ಪದಿಯ ಪದ್ಯವೊಂದನ್ನು ಓದುವಾಗ ಅವನನ್ನು ಮುಂದಿನ ಬೆಂಚಿಗೆ ಕರೆದು ತಾಳ ಹಾಕೆಂದೆನು. ಮೂರು, ನಾಲ್ಕು, ಮೂರು, ನಾಲ್ಕು; ಸಾಲಿಗೆ 14 ಮಾತ್ರೆ. ಮೂರನೆಯ ಹಾಗೂ ಆರನೆಯ ಸಾಲುಗಳಲ್ಲಿ ಈ ಜೋಡಿ ಮೂರು ಬಾರಿ ಬಂದು ಕೊನೆಗೊಂದು ಗುರು, ಒಟ್ಟು 23. ಎರಡನೆಯ ಪದ್ಯಕ್ಕೇ ಆ ಗುರುವಿನ ಮೇಲೆ ಅವನ ಕೈ ತಾನಾಗಿ ನಿಂತಿತು. ಪ್ರೌಢಶಾಲೆಯ ಹುಡುಗರು ಪ್ರಸ್ತಾರ ಹಾಕಲು ತಿಣುಕುವುದನ್ನು ಬಲ್ಲ ನನಗೆ ಇದು ಸಣ್ಣ ಸಂಗತಿಯಾಗಿ ತೋರಲಿಲ್ಲ. ಅಂದೇ ಕಟ್ಟಳೆಯೊಂದನ್ನು ಮಾಡಿದೆನು: ಪದ್ಯಕ್ಕೆ ತಾಳ, ಉಕ್ತಲೇಖನಕ್ಕೆ ಲೇಖನಿ. ಮೀರಿದ ದಿನ ತಾಳದ ಸರದಿ ಬೇರೊಬ್ಬನಿಗೆ. ಅವನು ಅತ್ತದ್ದು ಅಂಥ ದಿನಗಳಲ್ಲಿ ಮಾತ್ರ.

ಗದ್ದಲವು ಪೂರ್ತಿ ನಿಂತಿತೆಂದು ಹೇಳಲಾರೆ. ಅವನೀಗ ಆರನೆಯ ವರ್ಗದಲ್ಲಿದ್ದಾನೆ. ಮಹಾಪ್ರಾಣಗಳನ್ನು ಇನ್ನೂ ತಪ್ಪುತ್ತಾನೆ. ಊರಿಗೆ ಹೋಗಿಬಂದ ಸೋಮವಾರಗಳಲ್ಲಿ ಬೆಂಚು ಮೊಳಗುತ್ತದೆ. ಪ್ರಸಾದನಿಲಯಕ್ಕೆ ಒಂದು ಕರಡಿ ವಾದ್ಯವನ್ನು ಕೊಡಿಸಬೇಕೆಂದು ಆಡಳಿತ ಮಂಡಳಿಗೆ ಅರಿಕೆ ಮಾಡಿಕೊಂಡಿದ್ದೇನೆ. ಕಾರ್ಯದರ್ಶಿಗಳು ನಕ್ಕರೇ ಹೊರತು ಇಲ್ಲವೆಂದಿಲ್ಲ.