"ಇನ್ನೊಂದು ಹಾರನ್ ಕಟ್ರಿ ಮಾಮಾ!"

ನಮ್ಮ ಯಾದಗಿರಿ ಕಡೆ ಮದುವೆ ಇರಲಿ, ಜಾತ್ರೆ ಇರಲಿ, ಮೈಕ್‌ಸೆಟ್ಟಿನವರ ಹತ್ತಿರ ಬಂದು ಎಲ್ಲರೂ ಹೇಳೋ ಮಾತು ಒಂದೇ. "ಮಾಮಾ, ಈ ಕಡಿ ಕೇಳವಲ್ದು, ಇನ್ನೊಂದು ಹಾರನ್ ಕಟ್ರಿ!" ಕಟ್ಟಲಿಕ್ಕೆ ಎರಡು ನಿಮಿಷ ಸಾಕು. ವೈರಿನ ಸಿಪ್ಪೆ ಸುಲಿದು, ಇದ್ದ ವೈರಿಗೇ ತಿರುವಿದರೆ ಮುಗೀತು. ಒಂದು ಸೀಜನ್ನಿನ ದುಡಿಮೆ ಹಾಕಿ ಕೊಂಡ ಆಂಪ್ಲಿಫೈಯರ್ ಸುಟ್ಟುಹೋಗಲಿಕ್ಕೂ ಅಷ್ಟೇ ಹೊತ್ತು ಸಾಕು.

ನಮ್ಮ ಓಣಿಯಲ್ಲಿ ಒಬ್ಬ ಮೈಕ್‌ಸೆಟ್ ಮಾಮಾ ಇದ್ದರು. ಯಾರು ಎಷ್ಟೇ ಸಿಟ್ಟಾದರೂ ಅವರ ಉತ್ತರ ಒಂದೇ: "ಕಟ್ಟಲಾಕ ಬರ್ತದಪಾ, ಮಷಿನ್ ತಡಕೋಬೇಕಲ್ಲ?" ಈ ತಡಕೊಳ್ಳೋದು ಅಂದ್ರೆ ಏನು ಅಂತ ನನಗೆ ಅರ್ಥವಾಗಿದ್ದು ಬಹಳ ತಡವಾಗಿ.

ಒಂದು ನೀರಿನ ಟಾಕಿಗೆ ಒಂದು ನಳ ಇದ್ದರೆ ನೀರು ನಿಧಾನ ಹೋಗುತ್ತೆ. ನಾಲ್ಕು ನಳ ಬಿಟ್ಟರೆ ಟಾಕಿ ಒಮ್ಮೆಲೇ ಖಾಲಿ. ಸ್ಪೀಕರ್‌ಗಳನ್ನು ಅಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ ಜೋಡಿಸುತ್ತಾ ಹೋದರೂ ಹಾಗೇ. ಒಂದೊಂದು ಸ್ಪೀಕರ್ ಸೇರಿದಾಗಲೂ ಮಷಿನ್ ಹೆಚ್ಚು ಹೆಚ್ಚು ಕರೆಂಟ್ ಕೊಡಬೇಕಾಗುತ್ತೆ, ಕಾಯುತ್ತಾ ಹೋಗುತ್ತೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಲ್ಲಿ, ತಗಡಿನ ಶೆಡ್ಡಿನ ಕೆಳಗಿಟ್ಟ ಮಷಿನ್ನಿನ ಗತಿ ನೀವೇ ಊಹಿಸಿ.

ಶಹಾಪುರದಲ್ಲಿ ಒಂದು ಮದುವೆ ಅಂದುಕೊಳ್ಳಿ. ಡಬ್ಬಿ ಸ್ಪೀಕರ್ ಹಿಂದೆ 8 ಓಮ್ ಅಂತ ಬರೆದಿದೆ. ಆಂಪ್ಲಿಫೈಯರ್ ಹಿಂದೆ "ಕನಿಷ್ಠ 4 ಓಮ್" ಅಂತಿದೆ. ಎರಡು ಸ್ಪೀಕರ್ ಪ್ಯಾರಲಲ್ ಕಟ್ಟಿದರೆ 4 ಓಮ್, ನಡೀತದೆ. ನಾಲ್ಕು ಕಟ್ಟಿದರೆ 2 ಓಮ್. ಹಾಡು ಬರ್ತಾ ಇರುತ್ತೆ, ಬೀಗರೂ ಖುಷಿಯಾಗಿರ್ತಾರೆ, ಒಳಗೆ ಟ್ರಾನ್ಸಿಸ್ಟರ್ ಬೇಯ್ತಾ ಇರುತ್ತೆ. ನಾಲ್ಕೂ ಬೇಕೇ ಬೇಕಾ? ಎರಡೆರಡನ್ನು ಸರಪಳಿಯ ಹಾಗೆ ಒಂದರ ಹಿಂದೊಂದು, ಸೀರೀಸ್ ಆಗಿ ಜೋಡಿಸಿ. ಒಂದು ಜೋಡಿಗೆ 16 ಓಮ್ ಆಯ್ತು. ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡಿದರೆ ಮತ್ತೆ 8 ಓಮ್! ನಾಲ್ಕೂ ಒಂದೇ ಥರದವು ಇರಬೇಕು ಅಷ್ಟೇ. ಪ್ಲಸ್-ಮೈನಸ್ ಅದಲು ಬದಲಾಗಬಾರದು. ಆದರೆ ಮಷಿನ್ ಸುಡೋದಿಲ್ಲ ನಿಜ, ಒಂದು ಸ್ಪೀಕರ್ ತಳ್ಳಿದ ಗಾಳಿಯನ್ನು ಇನ್ನೊಂದು ಎಳ್ಕೊಂಡು ಸದ್ದು ಟೊಳ್ಳಾಗುತ್ತೆ.

ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಈ ಲೆಕ್ಕ ಸಾಲದು. ಸಂಕ್ರಾಂತಿಗೆ ಆ ಗುಡ್ಡದ ಸುತ್ತ ಸೇರುವ ಜನವನ್ನು ನೋಡಿದವರಿಗೆ ಗೊತ್ತು, ಹಾರನ್‌ಗಳು ದೂರ ದೂರ ಕಟ್ಟಬೇಕು. 1 ಚದರ ಮಿಲಿಮೀಟರಿನ ತಾಮ್ರದ ವೈರನ್ನು 100 ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು ಮೂರೂವರೆ ಓಮ್. ತುದಿಯಲ್ಲಿ 8 ಓಮಿನ ನಾಲ್ಕು ಹಾರನ್ ಪ್ಯಾರಲಲ್ ಇದ್ದರೆ ಶಕ್ತಿಯ ಅರ್ಧಕ್ಕಿಂತ ಹೆಚ್ಚು ವೈರಿನಲ್ಲೇ ಬಿಸಿಯಾಗಿ ಹೋಗುತ್ತೆ. ಅದಕ್ಕೇ ದೊಡ್ಡ ಮಷಿನ್‌ಗಳಲ್ಲಿ 100 ವೋಲ್ಟ್ ಲೈನ್ ಅಂತ ಬೇರೆ ತಿರುಪು ಇರುತ್ತೆ. ಪ್ರತಿ ಹಾರನ್ನಿಗೂ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್. ಆಗ 30 ವ್ಯಾಟಿನ ಒಂದು ಹಾರನ್ ಮಷಿನ್ನಿಗೆ 333 ಓಮ್ ಆಗಿ ಕಾಣುತ್ತೆ, ನಾಲ್ಕು ಸೇರಿದರೂ 83. ವೈರಿನಲ್ಲಿ ಹೋಗೋದು ನೂರಕ್ಕೆ ನಾಲ್ಕು ಪಾಲು. ಓಮ್ ಲೆಕ್ಕ ಬಿಟ್ಟು ವ್ಯಾಟ್ ಕೂಡಿಸಿದರೆ ಸಾಕು: ನಾಲ್ಕು ಹಾರನ್ನಿಗೆ 120, ಮಷಿನ್ 150 ಇದ್ದರೆ ನಿಶ್ಚಿಂತೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಒಂದೇ ಒಂದು ಹಾರನ್ ಈ ಲೈನಿಗೆ ಸೇರಿತೋ, ಎಲ್ಲಾ ಲೆಕ್ಕ ಮಣ್ಣುಪಾಲು.

ಇಷ್ಟೆಲ್ಲಾ ಯಾಕೆ ಅಂತೀರಾ? ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹೆಸರು ಕೂಗೋದೂ ಇದೇ ಹಾರನ್ನಿನಲ್ಲಿ. ಹಾಡು ನಿಂತರೆ ಯಾರಿಗೂ ನಷ್ಟವಿಲ್ಲ. ಆ ಹೆಸರು ನಿಂತರೆ?

ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಕಂಬ ಏರೋದನ್ನು ನೋಡಿದ್ದೀರಾ? ಏರುವವರ ಮೇಲೆ ನೀರು, ಕೆಳಗೆ ನಿಂತವರ ಮೇಲೂ ನೀರು. 100 ವೋಲ್ಟ್ ಲೈನ್ ಜೋರು ಸದ್ದಿನಲ್ಲಿ ಒದ್ದೆ ಕೈಗೆ ಶಾಕ್ ಕೊಡುತ್ತೆ, "ಸ್ಪೀಕರ್ ವೈರು, ಏನಾಗಲ್ಲ" ಅನ್ನೋ ಮಾತು ಇಲ್ಲಿ ಸಲ್ಲದು. ಜಾಯಿಂಟಿಗೆ ಟೇಪು ಸುತ್ತಿ, ಕೈಗೆಟುಕದಷ್ಟು ಮೇಲೆ ಕಟ್ಟಬೇಕು. ಜೆಸ್ಕಾಂ ತಂತಿಯ ಹತ್ತಿರವೂ ಸುಳಿಯಬಾರದು. ಮಷಿನ್ನಿಗೆ ಅರ್ಥಿಂಗ್ ಇರಲೇಬೇಕು. ಹೊಸ ಹಾರನ್ ಸೇರಿಸುವಾಗ ಮಷಿನ್ ಆಫ್ ಮಾಡಬೇಕು. ಎರಡು ಎಳೆ ಒಂದಕ್ಕೊಂದು ತಾಗಿದರೆ ಅಲ್ಲಿಗೇ ಕಥೆ ಮುಗೀತು.

ಇನ್ನೊಂದು ತಮಾಷೆ ಕೇಳಿ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸದ್ದು ಏರೋದು ಬರೀ 3 ಡೆಸಿಬಲ್, ಕಿವಿಗೆ ಸ್ವಲ್ಪವೇ ಗೊತ್ತಾಗುತ್ತೆ. ಅದೇ ಹಾರನ್ನನ್ನು ಬಯಲಲ್ಲಿ ಅರ್ಧ ದೂರಕ್ಕೆ ತಂದರೆ 6 ಡೆಸಿಬಲ್ ಹೆಚ್ಚು! 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ, ಅದಂತೂ ಬೇರೆ ಮಾತು. ಮಾಮಾಗೆ ಈ ಡೆಸಿಬಲ್ ಗಿಸಿಬಲ್ ಗೊತ್ತಿರಲಿಲ್ಲ. ಆದರೂ ಜನ ಬಹಳ ಕಾಡಿದಾಗ ಏಣಿ ಹತ್ತಿ, ಇದ್ದ ಹಾರನ್ನಿನ ಬಾಯಿಯನ್ನೇ ಆ ಕಡೆ ತಿರುಗಿಸಿ ಇಳಿದು ಬರ್ತಿದ್ದರು. "ಈಗ ಕೇಳ್ತದೇನು?" ಅಂದ್ರೆ ಎಲ್ಲರೂ "ಹೂಂ, ಈಗ ಚಲೋ ಕೇಳ್ತದ" ಅಂತಿದ್ರು.

ನಿಮ್ಮೂರ ಮೈಕ್‌ಸೆಟ್ಟಿನವರು ಏನು ಮಾಡ್ತಾರೆ, ಸ್ವಲ್ಪ ಹೇಳ್ರಲ್ಲ.