ಅನ್ಯರ ಕಂಪ್ಯೂಟರಿನಲ್ಲಿ ಉಳಿದ ಅಮಾನತ್

ಅಮಾನತ್ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಹಣ, ಒಡವೆ, ಜಮೀನಿನ ಪತ್ರ. ಒಬ್ಬರು ನಂಬಿ ಬರೆದ ಇಮೇಲ್ ಕೂಡ ಅಮಾನತ್ ಎಂಬುದು ನನಗೆ ಮನವರಿಕೆಯಾದದ್ದು ಒಂದು ಪ್ರಯಾಣದಲ್ಲಿ.

ಬಂಧುವೊಬ್ಬರ ನಿಕಾಹ್‌ಗೆಂದು ಕಲಬುರಗಿಗೆ ಹೋಗಿದ್ದೆ. ದಾರಿಯಲ್ಲಿ ಮೊಬೈಲ್ ಬಿದ್ದು ಕೆಟ್ಟಿತು. ನನ್ನ ವಿದ್ಯಾರ್ಥಿಯೊಬ್ಬನ ವಿದ್ಯಾರ್ಥಿವೇತನಕ್ಕೆ ಅಂದೇ ಶಿಫಾರಸು ಪತ್ರ ಕಳುಹಿಸಬೇಕಿತ್ತು. ಅವನ ತಂದೆ ಮನೆಯ ಪರಿಸ್ಥಿತಿಯನ್ನು ವಿವರಿಸಿ ನನಗೆ ಇಮೇಲ್ ಮಾಡಿದ್ದರು. ಅನಿವಾರ್ಯವಾಗಿ ಬಸ್ ನಿಲ್ದಾಣದ ಬಳಿಯ ಸೈಬರ್ ಸೆಂಟರೊಂದನ್ನು ಹೊಕ್ಕೆ.

ಪಾಸ್‌ವರ್ಡ್ ಕೊಟ್ಟರೆ ಸಾಲದು, ಮೊಬೈಲಿಗೆ ಬಂದ ಸಂಕೇತವನ್ನೂ ಕೊಡಬೇಕೆಂದಿತು ಜಿಮೇಲ್. ಇಂತಹ ಸಂದರ್ಭಕ್ಕೆಂದೇ ಗೂಗಲ್ ಎಂಟಂಕಿಯ 10 ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ. ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದು. ಮಗಳ ಒತ್ತಾಯಕ್ಕೆ ಅವುಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೆ. ಅಲ್‌ಹಮ್ದುಲಿಲ್ಲಾಹ್, ಕೆಲಸವಾಯಿತು. ತಂದೆಯ ಪತ್ರವನ್ನು ಇಳಿಸಿಕೊಂಡು ಮುದ್ರಿಸಿ ಓದಿದೆ, ಶಿಫಾರಸು ಬರೆದು ಕಳುಹಿಸಿದೆ, ಸೈನ್ ಔಟ್ ಮಾಡಿದೆ. ತೆರೆದದ್ದು ಇನ್‌ಕಾಗ್ನಿಟೊ ಕಿಟಕಿಯಲ್ಲಾದ್ದರಿಂದ ಯಾವ ಗುರುತೂ ಉಳಿಯದೆಂದು ನಿಶ್ಚಿಂತನಾಗಿ ಹೊರಟೆ.

ಆ ರಾತ್ರಿ ಇಶಾ ನಮಾಝಿನ ಬಳಿಕ ಈ ವಿಚಾರ ಹೇಳಿದಾಗ ಬಂಧುಗಳ ಮಗ ಕೇಳಿದ: "ಇಳಿಸಿಕೊಂಡ ಫೈಲನ್ನು ಅಳಿಸಿದಿರಾ?" ಇನ್‌ಕಾಗ್ನಿಟೊ ಮರೆಯುವುದು ನೋಡಿದ ಪುಟಗಳನ್ನು, ಇಳಿಸಿಕೊಂಡ ಫೈಲು ಆ ಕಂಪ್ಯೂಟರಿನಲ್ಲೇ ಇರುತ್ತದೆ. ಆ ಪತ್ರದಲ್ಲಿ ಒಂದು ಕುಟುಂಬದ ಸಾಲವಿತ್ತು, ಕಾಯಿಲೆಯಿತ್ತು, ಆಧಾರ್ ಪ್ರತಿಯಿತ್ತು.

ಒಬ್ಬನು ಅತ್ತಿತ್ತ ನೋಡಿ ನಿಮ್ಮಲ್ಲಿ ಹೇಳಿದ ಮಾತು ಅಮಾನತ್ ಆಗಿದೆ ಎಂಬರ್ಥದ ಪ್ರವಾದಿ(ಸ) ವಚನವನ್ನು ಎಷ್ಟೋ ಬಾರಿ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆ ತಂದೆಯೂ ಅತ್ತಿತ್ತ ನೋಡಿಯೇ ಬರೆದಿರಬೇಕು. ಅಂದು ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನವೇ ಅಲ್ಲಿಗೆ ಹೋಗಿ ನಿಂತೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ನನ್ನ ಫೈಲಿನ ಸುತ್ತ ಅಪರಿಚಿತರ ಅಂಕಪಟ್ಟಿಗಳು, ಬ್ಯಾಂಕ್ ಪುಸ್ತಕದ ಪ್ರತಿಗಳು, ಆಸ್ಪತ್ರೆಯ ವರದಿಗಳು. ಪರರ ಗುಟ್ಟುಗಳನ್ನು ಕೆದಕಬಾರದೆಂಬುದು ಸೂರಃ ಅಲ್ ಹುಜುರಾತ್‌ನ 12ನೇ ವಚನದ ಆದೇಶ. ಒಂದನ್ನೂ ತೆರೆಯದೆ ನನ್ನದನ್ನು ಮಾತ್ರ ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆದೆ. ಉಳಿದವುಗಳ ಬಗ್ಗೆ ಅಂಗಡಿಯ ಯುವಕನಿಗೆ ಹೇಳಿದೆ. ಅವನು ತಲೆಯಾಡಿಸಿದ.

ಊರಿಗೆ ಮರಳಿದ ಮೇಲೆ ಪಾಸ್‌ವರ್ಡ್ ಬದಲಿಸಿದೆ. ಆದರೆ ಆ ತಂದೆಗೆ ವಿಷಯ ತಿಳಿಸುವುದೇ ಕಷ್ಟದ ಕೆಲಸವಾಗಿತ್ತು. ಮುಚ್ಚಿಟ್ಟರೆ ಅದು ಇನ್ನೊಂದು ದ್ರೋಹವಾಗುತ್ತಿತ್ತು. ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಯಾರಾದರೂ ನೋಡಿರಬಹುದೇ ಉಸ್ತಾದ್?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವರೇ, "ಮರಳಿ ಹೋಗಿ ಅಳಿಸಿದಿರಲ್ಲ, ಸಾಕು" ಎಂದು ನನ್ನನ್ನು ಸಮಾಧಾನಪಡಿಸಿದರು.

ಪ್ರಯಾಣದಲ್ಲಿ ಅನ್ಯರ ಕಂಪ್ಯೂಟರ್ ಬಳಸಬೇಕಾಗಿ ಬಂದರೆ ಏಳುವ ಮುನ್ನ ಅರೆಕ್ಷಣ ನಿಲ್ಲಿರಿ: ಸೈನ್ ಔಟ್ ಆಯಿತೇ, ಫೈಲು ಅಳಿಯಿತೇ, ಮುದ್ರಿಸಿದ ಹಾಳೆ ಕೈಯಲ್ಲಿದೆಯೇ? ನಮ್ಮ ಅಂಚೆಪೆಟ್ಟಿಗೆಯಲ್ಲಿ ಇರುವುದೆಲ್ಲ ನಮ್ಮದಲ್ಲ.

ನಮಗೆ ವಹಿಸಲಾದ ಅಮಾನತ್‌ಗಳನ್ನು ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.